ವಾಹನದ ವಿದ್ಯುತ್ ದೋಷ: ಪತ್ತೆ ಮತ್ತು ಪರಿಹಾರ

ಧರ್ಮಸ್ಥಳ, ಉಜಿರೆ, ಚಾರ್ಮಾಡಿ ಕಡೆಯ ಅಡಿಕೆ ಬೆಳೆಗಾರರಿಗೆ ಜೀಪು, ಪಿಕ್‌ಅಪ್, ಟ್ರ್ಯಾಕ್ಟರುಗಳು ಗೊಬ್ಬರ ತರಲೂ ಬೇಕು, ರಾತ್ರಿ ರೋಗಿಯನ್ನು ಆಸ್ಪತ್ರೆಗೆ ಒಯ್ಯಲೂ ಬೇಕು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ದಕ್ಷಿಣ ಕನ್ನಡದಲ್ಲಿ ತಂತಿಯ ಜೋಡಣೆಗಳು ಬೇಗ ಕಿಲುಬು ಹಿಡಿಯುತ್ತವೆ. ವಾಹನ ಸ್ಟಾರ್ಟ್ ಆಗದಿದ್ದರೆ ಕೂಡಲೇ ಹೊಸ ಬ್ಯಾಟರಿ ಕೊಳ್ಳುವವರಿದ್ದಾರೆ. ದೋಷ ಜೋಡಣೆಯಲ್ಲಿದ್ದರೆ ಆ ಹಣ ವ್ಯರ್ಥ. ಆದ್ದರಿಂದ ಮೊದಲು ಪರೀಕ್ಷೆ, ನಂತರ ಖರೀದಿ.

ವ್ಯವಸ್ಥೆಯ ಪರಿಚಯ

ಬ್ಯಾಟರಿಯನ್ನು ತೋಟದ ನೀರಿನ ಟ್ಯಾಂಕಿಗೂ, ಆಲ್ಟರ್ನೇಟರನ್ನು ಅದನ್ನು ತುಂಬಿಸುವ ಪಂಪಿಗೂ, ತಂತಿಗಳನ್ನು ಪೈಪಿಗೂ ಹೋಲಿಸಬಹುದು. ಒಂದು ವ್ಯತ್ಯಾಸವುಂಟು: ವಿದ್ಯುತ್ತು ಹೊರಟಲ್ಲಿಗೇ ಮರಳಬೇಕು. ಮರಳುವ ದಾರಿ ವಾಹನದ ಲೋಹದ ಮೈ ಮತ್ತು ಅರ್ತ್ ತಂತಿ. ಇದು ಸಡಿಲವಾದರೆ ತುಂಬಿದ ಬ್ಯಾಟರಿಯೂ ನಿಷ್ಪ್ರಯೋಜಕ.

ಪರೀಕ್ಷೆಯ ಕ್ರಮ (12 ವೋಲ್ಟ್ ವಾಹನಗಳಿಗೆ)

ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ. ಒಂದು ಸಾಧಾರಣ ಮಲ್ಟಿಮೀಟರ್ ಸಾಕು.

1. ಬ್ಯಾಟರಿಯ ಟರ್ಮಿನಲ್‌ಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಂಡರೆ ತಂತಿ ಕಳಚಿ, ಅಡುಗೆ ಸೋಡಾ ಕದಡಿದ ನೀರಿನಿಂದ ತೊಳೆದು, ಒರೆಸಿ, ಬಿಗಿಯಾಗಿ ಜೋಡಿಸಿ ವ್ಯಾಸಲೀನ್ ಸವರಬೇಕು. ಸೋಡಾ ನೀರು ಬ್ಯಾಟರಿಯೊಳಗೆ ಹೋಗಬಾರದು. ಕಳಚುವಾಗ ನೆಗೆಟಿವ್ ತಂತಿ ಮೊದಲು. ಜೋಡಿಸುವಾಗ ಅದು ಕೊನೆಗೆ.

2. ರಾತ್ರಿಯಿಡೀ ನಿಂತ ವಾಹನದಲ್ಲಿ, ಸ್ಟಾರ್ಟ್ ಮಾಡುವ ಮೊದಲು ಅಳೆಯಬೇಕು. 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.2 ಇದ್ದರೆ ಅರ್ಧ. ಕಡಿಮೆ ಇದೆಯೆಂದ ಮಾತ್ರಕ್ಕೆ ಕೆಟ್ಟಿದೆಯೆಂದಲ್ಲ. ಚಾರ್ಜ್ ಮಾಡಿಸಿ ಪುನಃ ನೋಡಬೇಕು.

3. ಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ತಾಗಿಸಿ, ಬೇರೊಬ್ಬರಿಂದ ಸೆಲ್ಫ್ ಹಾಕಿಸಬೇಕು. 0.5 ವೋಲ್ಟ್‌ಗಿಂತ ಹೆಚ್ಚು ತೋರಿದರೆ ಅರ್ತ್ ದಾರಿಯಲ್ಲಿ ದೋಷವಿದೆ.

4. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಏರದಿದ್ದರೆ ಮೊದಲು ಬೆಲ್ಟಿನ ಬಿಗಿತ, ನಂತರ ಆಲ್ಟರ್ನೇಟರ್ ಪರೀಕ್ಷಿಸಬೇಕು. 15 ಮೀರಿದರೆ ರೆಗ್ಯುಲೇಟರನ್ನು ಶಂಕಿಸಬೇಕು.

5. ಒಂದೇ ದೀಪ ಅಥವಾ ಹಾರ್ನ್ ಕೆಲಸ ಮಾಡದಿದ್ದರೆ ಬಲ್ಬು, ಫ್ಯೂಸು, ಇಲಿ ಕಡಿದ ತಂತಿಗಳನ್ನು ನೋಡಬೇಕು.

ಮಾಡಬಾರದ ಕೆಲಸಗಳು

ಎಂಜಿನ್ ಓಡುವಾಗ ಬ್ಯಾಟರಿಯ ತಂತಿ ಕಳಚಿ ನೋಡುವುದು ಡೈನಮೊ ಕಾಲದ ಅಭ್ಯಾಸ. ಆಲ್ಟರ್ನೇಟರ್ ಇರುವ ವಾಹನದಲ್ಲಿ ಇದರಿಂದ ಡಯೋಡುಗಳು ಸುಟ್ಟುಹೋಗಬಹುದು. ಸುಟ್ಟ ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಕಟ್ಟಿದರೆ ವಾಹನಕ್ಕೇ ಬೆಂಕಿ ತಗಲಬಹುದು. ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಅನಿಲ ಹೊರಡುವುದರಿಂದ ಹತ್ತಿರ ಬೀಡಿ, ಬೆಂಕಿಕಡ್ಡಿ ಸಲ್ಲದು. ಆಮ್ಲ ಕಣ್ಣಿಗೆ ಸಿಡಿದರೆ ತಕ್ಷಣ ಧಾರಾಳ ನೀರಿನಿಂದ ತೊಳೆದು ವೈದ್ಯರನ್ನು ಕಾಣಬೇಕು.

ಮುಚ್ಚಳ ತೆರೆಯುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಬಾವಿಯ ನೀರು ಬೇಡ. ಮೇ ತಿಂಗಳಲ್ಲೇ ಈ ಪರೀಕ್ಷೆಗಳನ್ನು ಮುಗಿಸಿಕೊಂಡರೆ ಆಷಾಢದ ಮಳೆಯಲ್ಲಿ ವಾಹನ ದಾರಿಯಲ್ಲಿ ನಿಲ್ಲುವ ಸಂಭವ ಕಡಿಮೆಯಾಗುತ್ತದೆ.