ಹಾಸಿಗೆಯಲ್ಲಿ ಎಂಟು ಗಂಟೆ, ನಿದ್ದೆ ಐದೂವರೆ



ಈ ತಿಂಗಳ ಅಧ್ಯಯನಕ್ಕೆ ನಾವು ಆರಿಸಿಕೊಂಡಿರುವ ವಿಷಯ ನಿದ್ದೆ. ಸಂಬಳ, ಬಾಡಿಗೆ, ಪಾಳಿ ಇಷ್ಟೆಲ್ಲ ತೊಂದರೆಗಳಿರುವಾಗ ನಿದ್ದೆಯ ಮಾತೇಕೆ ಎಂದು ಕೇಳಬಹುದು. ಆದರೆ ಆ ಮೂರೂ ಬಂದು ಕೂಡುವುದು ಇಲ್ಲಿಯೇ. ಹೊಸೂರಿನ ಸಿಪ್ಕಾಟ್ ಕಾರ್ಖಾನೆಗಳಿಗೆ ಹೋಗುವ ನಮ್ಮ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೈಟ್ ಶಿಫ್ಟ್ ಮುಗಿಸಿ ಬಂದವನು ಮಲಗುವ ಹೊತ್ತಿಗೆ ಅದೇ ಕೋಣೆಯಲ್ಲಿ ಇನ್ನೊಬ್ಬ ಎದ್ದು ಒಲೆ ಹಚ್ಚಿರುತ್ತಾನೆ. ಬಿಸಿಲೇರಿದರೆ ಮೇಲಿನ ಶೀಟು ಕಾಯುತ್ತದೆ. ಅವನು ಕೆಲಸದಲ್ಲಿ ತೂಕಡಿಸಿದರೆ ನಾವೇ 'ಸೋಮಾರಿ' ಅನ್ನುತ್ತೇವೆ.

ಈ ಮಾತನ್ನು ಪರೀಕ್ಷೆಗೆ ಹಚ್ಚಿ ನೋಡಿದ ಒಂದು ಅಧ್ಯಯನ ನಮ್ಮ ರಾಜಧಾನಿ ಚೆನ್ನೈಯಲ್ಲೇ ನಡೆದಿದೆ. ಪೆದ್ರೊ ಬೆಸ್ಸೋನೆ, ಗೌತಮ್ ರಾವ್, ಫ್ರಾಂಕ್ ಶಿಲ್‌ಬಾಕ್, ಹೆದರ್ ಸ್ಕೋಫೀಲ್ಡ್, ಮ್ಯಾಟಿ ಟೋಮಾ ಎಂಬ ಐವರು ಅರ್ಥಶಾಸ್ತ್ರಜ್ಞರು ಅದನ್ನು 2021ರಲ್ಲಿ ಪ್ರಕಟಿಸಿದರು. ಕಡಿಮೆ ಆದಾಯದ 452 ಮಂದಿಗೆ ಸುಮಾರು ಒಂದು ತಿಂಗಳು ಕಂಪ್ಯೂಟರಿನಲ್ಲಿ ಟೈಪ್ ಮಾಡುವ ಕೆಲಸ ಕೊಟ್ಟು, ಮಾಡಿದಷ್ಟಕ್ಕೆ ಕೂಲಿ ಕೊಟ್ಟರು. ಪ್ರತಿಯೊಬ್ಬರ ಕೈಗೂ ಗಡಿಯಾರದಂಥ ಒಂದು ಸಾಧನ ಕಟ್ಟಿದರು. ಯಾರು ಯಾವಾಗ ಮಲಗಿದರು, ಎಷ್ಟು ಸಲ ಎಚ್ಚರವಾದರು ಎಂಬುದು ಅದರಲ್ಲಿ ದಾಖಲಾಗುತ್ತಿತ್ತು.

ಮೊದಲ ಲೆಕ್ಕವೇ ಬೆಚ್ಚಿಸುವಂಥದು. ಇವರು ಹಾಸಿಗೆಯಲ್ಲಿ ಇರುತ್ತಿದ್ದುದು ಎಂಟು ಗಂಟೆ, ನಿದ್ದೆ ಮಾಡುತ್ತಿದ್ದುದು ಸರಾಸರಿ ಐದೂವರೆ ಗಂಟೆ. ಸೆಕೆ, ಸದ್ದು, ಸೊಳ್ಳೆ, ಇಕ್ಕಟ್ಟಿನ ನಡುವೆ ರಾತ್ರಿ ಮತ್ತೆ ಮತ್ತೆ ಎಚ್ಚರ. ನಿದ್ರಾಹೀನತೆಯ ರೋಗಿಗಳ ನಿದ್ದೆ ಎಷ್ಟು ಹರಿದಿರುತ್ತದೋ ಇವರದೂ ಅಷ್ಟೇ ಹರಿದಿತ್ತು.

ಮುಂದಿನದು ಗಮನವಿಟ್ಟು ಓದಬೇಕಾದ ಭಾಗ. ಚೆನ್ನಾಗಿ ನಿದ್ದೆ ಮಾಡುವವರನ್ನೂ ಮಾಡದವರನ್ನೂ ಸುಮ್ಮನೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಒಳ್ಳೆಯ ನಿದ್ದೆ ಇರುವವರಿಗೆ ಒಳ್ಳೆಯ ಮನೆಯೂ ಇರುತ್ತದೆ, ಒಳ್ಳೆಯ ದುಡಿಮೆಯೂ ಇರುತ್ತದೆ. ಆದ್ದರಿಂದ ಚೀಟಿ ಎತ್ತಿದ ಹಾಗೆ ಜನರನ್ನು ಗುಂಪು ಮಾಡಿದರು. ಕೆಲವರಿಗೆ ಹಾಸಿಗೆ, ದಿಂಬು, ಫ್ಯಾನು, ಕಿವಿಗೆ ಇಡುವ ಬಿರಡೆ, ಕಣ್ಣಿಗೆ ಪಟ್ಟಿ ಇಂಥವನ್ನು ಕೊಟ್ಟು, ಹೆಚ್ಚು ಹೊತ್ತು ಮಲಗಿ ಎಂದು ಪ್ರೋತ್ಸಾಹಿಸಿದರು. ಹಾಗೆಯೇ ಚೀಟಿಯಲ್ಲಿ ಬಂದವರಿಗೆ ಮಧ್ಯಾಹ್ನ ಕೆಲಸದ ಜಾಗದಲ್ಲೇ ಅರ್ಧ ಗಂಟೆ ಮಲಗಲು ಅವಕಾಶ ಕೊಟ್ಟರು.

ಮನೆಯಲ್ಲಿ ಸಲಕರಣೆ ಪಡೆದವರ ನಿದ್ದೆ ರಾತ್ರಿಗೆ 27 ನಿಮಿಷ ಹೆಚ್ಚಿತು. ಹೆಚ್ಚಿದ್ದು ಹೇಗೆ? ಹಾಸಿಗೆಯಲ್ಲಿ ಇನ್ನಷ್ಟು ಹೊತ್ತು ಬಿದ್ದುಕೊಂಡಿದ್ದರಿಂದ. ಎಚ್ಚರವಾಗುವುದು ತಪ್ಪಲಿಲ್ಲ. ಅವರ ಕೆಲಸದ ವೇಗ, ಬುದ್ಧಿಯ ಚುರುಕು, ಮನಸ್ಸಿನ ನೆಮ್ಮದಿ ಯಾವುದರಲ್ಲೂ ಎದ್ದುಕಾಣುವ ಬದಲಾವಣೆ ಆಗಲಿಲ್ಲ. ಆಗುತ್ತದೆ ಎಂದೇ ತಜ್ಞರು ಮೊದಲು ಅಂದಾಜು ಮಾಡಿದ್ದರು! ಆದರೆ ಮಧ್ಯಾಹ್ನ ಸ್ವಲ್ಪ ಹೊತ್ತು ತೊಂದರೆಯಿಲ್ಲದೆ ಮಲಗಿದವರಲ್ಲಿ ಈ ಮೂರೂ ಸುಧಾರಿಸಿದವು.

ಇದಕ್ಕೆ ಒಂದು ಬೆಲೆಯೂ ಇತ್ತು, ಅದನ್ನು ಮುಚ್ಚಿಡಬಾರದು. ಮಲಗಿದ ಹೊತ್ತು ಕೂಲಿಯ ಹೊತ್ತಲ್ಲ. ಸುಮ್ಮನೆ ಕೂತು ವಿರಾಮ ಪಡೆದವರಿಗಿಂತ ಮಲಗಿ ಎದ್ದವರು ಹೆಚ್ಚು ಗಳಿಸಿದರು. ವಿರಾಮವೇ ಇಲ್ಲದೆ ದುಡಿದವರಿಗಿಂತ ಕಡಿಮೆ ಗಳಿಸಿದರು. ಮಾಡಿದಷ್ಟಕ್ಕೆ ಕೂಲಿ ಎಂದಿರುವಲ್ಲಿ ಬಡವನು ನಿದ್ದೆಯನ್ನು ತನ್ನ ಜೇಬಿನಿಂದಲೇ ಕೊಳ್ಳಬೇಕು.

ನೆಮ್ಮದಿಯಿಲ್ಲದ ಕೋಣೆಗೆ ಒಳ್ಳೆಯ ದಿಂಬು ಪರಿಹಾರವಲ್ಲ ಎಂದು ನಾವು ಇದರಿಂದ ತಿಳಿದುಕೊಂಡಿದ್ದೇವೆ. ಅಧ್ಯಯನ ಅಷ್ಟನ್ನು ಸಾಧಿಸಿ ತೋರಿಸಿಲ್ಲ. ಇದು ನಮ್ಮ ಊಹೆ. ಆದರೂ ರಾತ್ರಿಯ ಹರಕು ನಿದ್ದೆಗೆ ಇನ್ನಷ್ಟು ಹರಕು ನಿದ್ದೆ ಸೇರಿಸಿದರೆ ಬರುವ ಲಾಭವೇನು?

ಜಗದ್ಗುರು ಹದಿಮೂರನೆಯ ಲಿಯೋರವರು 1891ರ 'ರೇರುಂ ನೊವಾರುಂ' ವಿಶ್ವಪತ್ರದಲ್ಲಿ, ಕಾರ್ಮಿಕನ ಶಕ್ತಿ ಎಷ್ಟು ಸವೆಯುತ್ತದೋ ಅದಕ್ಕೆ ತಕ್ಕಷ್ಟು ವಿರಾಮ ಅವನಿಗೆ ಸಲ್ಲಬೇಕು ಎಂದು ಬೋಧಿಸಿದರು. ನಮ್ಮ ದೇಶದ 1948ರ ಕಾರ್ಖಾನೆ ಕಾಯಿದೆಯೂ ಐದು ಗಂಟೆಗಿಂತ ಹೆಚ್ಚು ಒಂದೇ ಸಮನೆ ದುಡಿಸದೆ ಕಡೇಪಕ್ಷ ಅರ್ಧ ಗಂಟೆ ಬಿಡುವು ಕೊಡಬೇಕು, 150ಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ವಿಶ್ರಾಂತಿ ಕೋಣೆ ಇರಬೇಕು ಎಂದಿತ್ತು. ಬಿಡುವು ಊಟಕ್ಕೆ ಸಾಲಾಗಿ ನಿಲ್ಲುವುದರಲ್ಲೇ ಕಳೆದುಹೋಗುತ್ತದೆ, ಅದು ಬೇರೆ ಮಾತು.

ಕಾರ್ಖಾನೆಯವರನ್ನು ಕೇಳುವುದು ಒಂದು ಕಡೆ ಇರಲಿ. ನಮ್ಮ ಧರ್ಮಕೇಂದ್ರದಲ್ಲಿಯೇ ಕೋಣೆ ಕಟ್ಟಿ ಕಾರ್ಮಿಕರಿಗೆ ಬಾಡಿಗೆ ಕೊಡುವ ಕುಟುಂಬಗಳಿವೆ. ತಮಿಳಿನವರು, ಒಡಿಶಾದವರು, ನಮ್ಮ ಕನ್ನಡದ ಹುಡುಗರು ಅಲ್ಲಿದ್ದಾರೆ. ಮುಂದಿನ ವಾರ ನಿಮ್ಮ ಕಿರು ಕ್ರೈಸ್ತ ಸಮುದಾಯ ಸೇರಿದಾಗ ಈ ಪ್ರಶ್ನೆಗಳನ್ನು ಮಾತಾಡಿಕೊಳ್ಳಿ. ಆ ಕೋಣೆಗಳ ಕಿಟಕಿಗೆ ಸೊಳ್ಳೆ ಜಾಲರಿ ಇದೆಯೇ? ಶೀಟಿನ ಕೆಳಗೆ ಬಿಸಿ ತಡೆಯುವ ಏನಾದರೂ ಹಾಕಿದ್ದೀರಾ? ಒಂದು ಕೋಣೆಗೆ ಎಷ್ಟು ಜನ, ಬೇರೆ ಬೇರೆ ಪಾಳಿಯವರನ್ನು ಬೇರೆ ಕೋಣೆಯಲ್ಲಿ ಇರಿಸಲು ಆಗುತ್ತದೆಯೇ? ನಿಮ್ಮ ಸ್ವಂತ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಮಲಗಿ, ನೀರು ಬಂತೆಂದು ಮೊದಲು ಏಳುವವರು ಯಾರು?