ದೋಣಿಯ ಮೋಟಾರಿಗೊಂದು ಊರೆಗೋಲು

ದೋಣಿಯನ್ನು ಟ್ರೈಲರಿನ ಮೇಲಿರಿಸಿ ರಸ್ತೆಯಲ್ಲಿ ಎಳೆದೊಯ್ಯುವಾಗ, ಅದರ ಹಿಂಬದಿಯ ಅಡ್ಡಹಲಗೆಗೆ ಬಿಗಿದ ಔಟ್‌ಬೋರ್ಡ್ ಮೋಟಾರನ್ನು ನೆಲಕ್ಕೆ ತಗುಲದಂತೆ ಮೇಲಕ್ಕೆ ವಾಲಿಸುವುದುಂಟು. ಆಗ ಮೋಟಾರಿನ ಗುರುತ್ವಕೇಂದ್ರವು ಹಿಂದಕ್ಕೆ ಸರಿದು, ಅದು ಸನ್ನೆಗೋಲಿನಂತೆ ಹಲಗೆಯನ್ನು ಮೀಟತೊಡಗುತ್ತದೆ. 100 ಕಿಲೋಗ್ರಾಂ ಮೋಟಾರಿನ ಗುರುತ್ವಕೇಂದ್ರವು ಹಲಗೆಯಿಂದ ಅರ್ಧ ಮೀಟರು ದೂರದಲ್ಲಿದೆಯೆಂದು ಭಾವಿಸೋಣ. ತೂಕವನ್ನು ದೂರದಿಂದ ಗುಣಿಸಿದಾಗ ದೊರೆಯುವ ಭ್ರಾಮಕವು 50 ಕಿಲೋಗ್ರಾಂ-ಮೀಟರು. ಹಳ್ಳದಲ್ಲಿ ಚಕ್ರವು ಪುಟಿದಾಗ, ಮೇಲ್ಮುಖ ವೇಗೋತ್ಕರ್ಷವು ಗುರುತ್ವ ವೇಗೋತ್ಕರ್ಷಕ್ಕೆ ಸಮನಾದರೆ, ಇದು ಇಮ್ಮಡಿಯಾಗುವುದು. ಪದೇ ಪದೇ ಹೀಗಾದರೆ ಹಲಗೆಯು ಬಿರಿಯಬಹುದು.

ಆದುದರಿಂದ ಮೋಟಾರಿನ ಕೆಳಭಾಗಕ್ಕೂ ಟ್ರೈಲರಿನ ಚೌಕಟ್ಟಿಗೂ ನಡುವೆ ಊರೆಗೋಲೊಂದನ್ನು ಕೊಟ್ಟು ಬಿಗಿಯಬೇಕು. ಭಾರದ ಒಂದು ಪಾಲನ್ನು ಆಗ ಚೌಕಟ್ಟೇ ಹೊರುತ್ತದೆ. ದೋಣಿಯ ಹಿಂಭಾಗವನ್ನೂ ಪಟ್ಟಿಗಳಿಂದ ಟ್ರೈಲರಿಗೆ ಬಿಗಿಯುವುದು ಅವಶ್ಯ. ಇಲ್ಲವಾದರೆ ದೋಣಿಯು ಎಗರಿ ಬಿದ್ದಾಗ ಊರೆಗೋಲೇ ಮೋಟಾರನ್ನು ಗುದ್ದುವುದು.