ಡಾಕ್ಟ್ರ ಮುಂದ ಬಾಯಿ ಬಿಡೊ ತಮ್ಮಾ

ತಮ್ಮಾ, ನೀ ಶಾಣ್ಯಾ ಹುಡುಗ. ಹುಬ್ಬಳ್ಳಿ ಚೆನ್ನಮ್ಮ ಸರ್ಕಲ್‌ನ್ಯಾಗ ನೀ ಗಾಡಿ ಹೊಡಿಯೂ ಅವಸರಕ್ಕ ಯಮನೂ ಬಾಜೂ ಸರೀತಾನ. ಅಂಥಾಂವ ಡಾಕ್ಟ್ರ ಮುಂದ ಕುಂತ್ರ ಬಾಯಾಗ ಕಡಬು ತುರುಕಿದಂಗ ಗಪ್ಪಾಗ್ತಿ. ನಿನ್ನ ಮನಸ್ಸು ಗಂಡಸರ ಕಡೆ ಐತಿ ಅಂತ ನನಗ ಹೇಳಿದೆಲ್ಲ, ಅವರಿಗ್ಯಾಕ ಹೇಳವಲ್ಲಿ? 2018ರ ಸೆಪ್ಟೆಂಬರ್ 6ಕ್ಕ ಸುಪ್ರೀಂ ಕೋರ್ಟ ಇದು ಗುನ್ನೆ ಅಲ್ಲ ಅಂತ ಹೇಳಿಬಿಟ್ಟೈತಿ.

ಹಿಂದ ರಕ್ತ ಬಿತ್ತಂದ್ರ ಮೂಲವ್ಯಾಧಿ ಅಂತ ನೀನ ಠರಾಸತಿ. ಬೋರ್ಡ್ ಹಾಕ್ಕೊಂಡು ಕುಂತ ವೈದ್ಯಂಗ ಅಷ್ಟ ಸಾಕು, ಒಂದು ಮುಲಾಮು ಕೊಟ್ಟು ಕಳಸ್ತಾನ. ಬಹಳ ಸಲ ಅದು ಮೂಲವ್ಯಾಧೀನ ಇರತೈತಿ, ಖರೆ. ಆದ್ರ ರಕ್ತ, ನೋವು, ಗಂಟು ಎರಡು ವಾರ ಆದ್ರೂ ಹೋಗಲಿಲ್ಲಂದ್ರ ಸರ್ಜನ್ ಬೆರಳು ಹಾಕಿ ನೋಡಬೇಕು. ಒಂದ ನಿಮಿಷದ ಕೆಲಸ, ಸಾಯೂದಿಲ್ಲ.

ಎಚ್‌ಪಿವಿ ಅಂತ ವೈರಸ್ ಐತಿ. ಬಹಳ ಮಂದಿಗೆ ಬಂದು ತಾನ ಹೋಗತೈತಿ. ಹೋಗದ ಕುಂತ್ರ ಗುದದ್ವಾರಕ್ಕ, ಗಂಟಲಕ್ಕ ಕ್ಯಾನ್ಸರ್ ತರಬಹುದು. ಗಂಡಸರ ಜೋಡಿ ಕೂಡೂ ಗಂಡಸರಿಗೆ, ಹೆಣ್ಣು ಗಂಡು ಎರಡೂ ಕಡೆ ಮನಸ್ಸಿದ್ದವರಿಗೂ, ಗುದದ್ವಾರದ ಕ್ಯಾನ್ಸರ್ ಉಳಿದವರಿಗಿಂತ ಹೆಚ್ಚು. ಎಚ್‌ಐವಿ ಇದ್ರ ಇನ್ನೂ ಹೆಚ್ಚು. ಕಾಂಡೋಮ್ ಹಾಕು, ಆದ್ರ ಇದು ಚರ್ಮಕ್ಕ ಚರ್ಮ ತಾಗಿದ್ರೂ ಅಂಟತೈತಿ. ಅದಕ್ಕ ಲಸಿಕಿ. ಪುಣೆದ ಸೀರಂನವರ ಸರ್ವಾವ್ಯಾಕ್ 2023ರಾಗ ಬಂತು. ಹೆಣ್ಣಮಕ್ಕಳದ್ದು ಅಂತ ಹಲ್ಲು ಕಿಸಿಯಬ್ಯಾಡ, 26 ವರ್ಷದ ವಯಸ್ಸಿನ ತನಕ ಗಂಡಸರಿಗೂ ಐತಿ. ಎಷ್ಟು ಲಗೂ ತಗೊಂಡ್ರ ಅಷ್ಟು ಛಲೋ. ಹೆಪಟೈಟಿಸ್ ಬಿ ಲಸಿಕಿನೂ ಕೇಳು, ಲಿವರ್ ಉಳಿಯತೈತಿ.

ಮತ್ತ ಆ ಕಿಸೆದಾಗಿನ ಗುಟ್ಕಾ? 2013ರಾಗ ಸರಕಾರ ಬಂದ್ ಮಾಡಿದ್ದು ನಿನಗ ದಿನಾ ಎಲ್ಲಿ ಸಿಗತೈತೊ! ಪ್ರೀತಿ ಮಾಡಿದ್ದಕ್ಕ ಕ್ಯಾನ್ಸರ್ ಬರತೈತೇನಂತ ರಾತ್ರಿ ಹೊಳ್ಳಾಡತಿ, ಮುಂಜಾನೆ ಎದ್ದು ತಂಬಾಕ ಅಗೀತಿ. ಬಾಯಾಗ ಬಿಳಿ ಕಲೆ, ಮಾಯದ ಹುಣ್ಣು ಕಂಡ್ರ ನವನಗರದ ಕ್ಯಾನ್ಸರ್ ಆಸ್ಪತ್ರಿಗೆ ಹೋಗು.

ಕಿಮ್ಸ್ ಆಸ್ಪತ್ರ್ಯಾಗ ಎಚ್‌ಐವಿ ತಪಾಸಣಿ ಪುಕ್ಕಟೆ. ಫಲಿತಾಂಶ ಊರಿಗೆ ಸಾರೂಹಂಗಿಲ್ಲ. ಮೊದಲ ಹೇಳಿದ ಸುಪ್ರೀಂ ಕೋರ್ಟಿನ ತೀರ್ಪು ಬಂದ ನಾಲ್ಕ ದಿನಕ್ಕ ಅದಕ್ಕೂ ಕಾನೂನು ಜಾರಿ ಆಗೇತಿ. ಯಾವನರೆ ಡಾಕ್ಟರ್ ಮಾರಿ ಸಿಂಡರಿಸಿದ್ರ ಜಗಳಾ ತಗೀಬ್ಯಾಡ, ಎದ್ದು ಬಾ, ಇನ್ನೊಬ್ಬರನ್ನ ನೋಡು. ಸೋಮವಾರ ಮುಂಜಾನೆ ಲಗೂ ಹೋಗಿ ಚೀಟಿ ಮಾಡಸು, ಆಮ್ಯಾಲ ಪಾಳಿ ಹನುಮಪ್ಪನ ಬಾಲ. ಒಬ್ಬನ ಹೋಗಾಕ ಜೀವ ಝಲ್ ಅಂದ್ರ ಫೋನ್ ಮಾಡು, ನಾನೂ ಬರ್ತೀನಿ, ಹೊರಗ ಚಾ ಕುಡಕೊಂತ ಕುಂದರ್ತೀನಿ.